ಒಡೆದ ದೇಶ, ಬೇಕಾದ ಶತ್ರು: ಅರ್ಜೆಂಟೀನಾದ ಸೇನಾಡಳಿತ (1976–83) ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಶತ್ರುವನ್ನು ತೋರಿಸಿ ಜನರನ್ನು ಒಂದು ಮಾಡುವ ಆಟ ಎಲ್ಲ ಕಡೆ ಇದೆ. ಅರ್ಜೆಂಟೀನಾನೇ ಯಾಕೆ?

ಒಂದೇ ಸರ್ಕಾರ ಏಳೆಂಟು ವರ್ಷದೊಳಗೆ ಮೂರು ಬಗೆಯ ಶತ್ರುಗಳನ್ನು ಹುಡುಕಿಕೊಂಡಿತು. ಮೊದಲು ಮನೆಯೊಳಗಿನವನು, ಆಮೇಲೆ ಬೇಲಿಯಾಚೆಯವನು, ಕೊನೆಗೆ ಸಮುದ್ರದಾಚೆಯವನು. ಯಾವುದು ಎಷ್ಟು ಕೆಲಸ ಮಾಡಿತು ಅಂತ ಒಂದೇ ದೇಶದಲ್ಲಿ, ಅದೇ ಜನರ ನಡುವೆ ನೋಡಬಹುದು. ಸೇನೆ ಬಿದ್ದ ಮೇಲೆ ತನಿಖೆ ನಡೆಯಿತು, ಕೋರ್ಟಿನಲ್ಲಿ ಸಾಕ್ಷಿ ನುಡಿದರು. ಹಾಗಾಗಿ ಊಹೆಗೆ ಜಾಗ ಕಡಿಮೆ.

ಆ ದೇಶ ಅಷ್ಟೊಂದು ಒಡೆದುಹೋಗಿತ್ತಾ?

ಹೌದು. ಪೆರೋನ್ ಎಂಬ ಒಬ್ಬ ನಾಯಕನ ಪರ, ವಿರುದ್ಧ ಅಂತ ಮೊದಲೇ ಎರಡು ಪಾಳಯ ಇತ್ತು. ಮಜಾ ಅಂದರೆ ಅವನ ಪರ ಇದ್ದವರೇ ಪರಸ್ಪರ ಗುಂಡು ಹಾರಿಸಿಕೊಂಡರು. 1973ರ ಜೂನ್ 20ರಂದು ಹದಿನೆಂಟು ವರ್ಷಗಳ ವನವಾಸ ಮುಗಿಸಿ ಪೆರೋನ್ ವಾಪಸ್ ಬಂದ. ಅವತ್ತು ಎಸೇಸಾ ವಿಮಾನ ನಿಲ್ದಾಣದ ಹತ್ತಿರ ಸ್ವಾಗತಕ್ಕೆ ಲಕ್ಷಾಂತರ ಜನ ಸೇರಿದ್ದರು. ಅಲ್ಲೇ ಅವನ ಬಲಪಂಥೀಯ ಬೆಂಬಲಿಗರು ಎಡಪಂಥೀಯ ಬೆಂಬಲಿಗರ ಮೇಲೆ ಗುಂಡು ಹಾರಿಸಿದರು.

ಮತ್ತೆ ಅಧ್ಯಕ್ಷನಾಗಿದ್ದ ಪೆರೋನ್ 1974ರ ಜುಲೈ 1ರಂದು ತೀರಿಕೊಂಡ. ಉಪಾಧ್ಯಕ್ಷೆಯಾಗಿದ್ದ ಹೆಂಡತಿ ಇಸಾಬೆಲ್ ಅಧ್ಯಕ್ಷೆಯಾದರು. ಒಂದು ಕಡೆ ಮೊಂಟೊನೆರೊ, ಇಆರ್‌ಪಿ ಎಂಬ ಬಂಡುಕೋರ ಗುಂಪುಗಳು. ಇನ್ನೊಂದು ಕಡೆ ಸರ್ಕಾರದ ಒಳಗಿನವರೇ ಸಾಕಿದ್ದ ಕೊಲೆಗಡುಕರ ಪಡೆ. ಬೆಲೆಗಳು ಕೈಗೆ ಸಿಗದಷ್ಟು ಮೇಲೆ ಹೋಗಿದ್ದವು. 1976ರ ಮಾರ್ಚ್ 24ರಂದು ವಿಡೇಲಾ, ಮಸ್ಸೇರಾ, ಅಗೋಸ್ತಿ ಎಂಬ ಮೂರು ಪಡೆಗಳ ಮುಖ್ಯಸ್ಥರು ಅಧಿಕಾರ ಕಿತ್ತುಕೊಂಡಾಗ, ಸದ್ಯ ಯಾರೋ ಒಬ್ಬರು ಬಂದರಲ್ಲ ಅಂತ ನಿಟ್ಟುಸಿರು ಬಿಟ್ಟವರು ಬಹಳ ಮಂದಿ.

ಸೇನೆ ಮೊದಲು ತೋರಿಸಿದ ಶತ್ರು ಯಾರು?

‘ಬುಡಮೇಲು ಮಾಡುವವರು’. ಸ್ಪ್ಯಾನಿಷ್‌ನಲ್ಲಿ ಸಬ್‌ವರ್ಸಿವೊ. ಬಾಂಬ್ ಇಡುವವನು ಮಾತ್ರ ಭಯೋತ್ಪಾದಕ ಅಲ್ಲ, ನಮ್ಮ ಪಾಶ್ಚಾತ್ಯ ಕ್ರೈಸ್ತ ನಾಗರಿಕತೆಗೆ ವಿರುದ್ಧವಾದ ವಿಚಾರ ಹರಡುವವನೂ ಭಯೋತ್ಪಾದಕನೇ ಎಂಬರ್ಥದ ಮಾತನ್ನು ವಿಡೇಲಾ ಬಹಿರಂಗವಾಗಿಯೇ ಹೇಳಿದ್ದ. ಈ ವ್ಯಾಖ್ಯೆಯೊಳಗೆ ಯಾರು ಬೇಕಾದರೂ ಬೀಳಬಹುದು. ಬಿದ್ದರು ಕೂಡ: ಕಾರ್ಖಾನೆಯ ಯೂನಿಯನ್ ಮುಖಂಡರು, ವಿದ್ಯಾರ್ಥಿಗಳು, ವಕೀಲರು, ಕೊಳೆಗೇರಿಯಲ್ಲಿ ಕೆಲಸ ಮಾಡುತ್ತಿದ್ದ ಪಾದ್ರಿಗಳು, ಪತ್ರಕರ್ತರು.

ಬಂಡುಕೋರರ ಶಕ್ತಿ ಮೊದಲ ಒಂದೆರಡು ವರ್ಷದಲ್ಲೇ ಬಹುಪಾಲು ಉಡುಗಿತು. ಹಿಡಿದೊಯ್ಯುವುದು ಮಾತ್ರ ನಿಲ್ಲಲಿಲ್ಲ. ರಾತ್ರಿ ನಂಬರ್ ಪ್ಲೇಟ್ ಇಲ್ಲದ ಫೋರ್ಡ್ ಫಾಲ್ಕನ್ ಕಾರು ಬರುತ್ತಿತ್ತು. ಹೋದವರು ವಾಪಸ್ ಬರುತ್ತಿರಲಿಲ್ಲ. ಠಾಣೆಯಲ್ಲಿ ಕೇಳಿದರೆ ‘ನಮಗೆ ಗೊತ್ತಿಲ್ಲ’. 1984ರಲ್ಲಿ ಅಧಿಕೃತ ಆಯೋಗ ಹೀಗೆ ಕಾಣೆಯಾದ 8,961 ಜನರ ಪ್ರಕರಣ ದಾಖಲಿಸಿತು. ಮಾನವ ಹಕ್ಕು ಸಂಘಟನೆಗಳು ಹೇಳುವ ಸಂಖ್ಯೆ 30,000.

ಯಹೂದಿಗಳನ್ನೂ ಗುರಿ ಮಾಡಿದ್ದರಾ?

ಅಧಿಕೃತವಾಗಿ ಇಲ್ಲ. ಆದರೆ ಒಳಗೆ ಹೋದ ಯಹೂದಿಗಳಿಗೆ ಬೇರೆಯವರಿಗಿಂತ ಜಾಸ್ತಿ ಹಿಂಸೆ ಕೊಟ್ಟರೆಂದು ಸಾಕ್ಷಿಗಳು ಹೇಳಿದ್ದಾರೆ. 1977ರಲ್ಲಿ ಪತ್ರಿಕೆಯ ಮಾಲೀಕ ಹಾಕೊಬೊ ತಿಮೆರ್ಮನ್ ಅವರನ್ನು ಹಿಡಿದಾಗ, ಯಹೂದಿಗಳು ಪ್ಯಾಟಗೋನಿಯಾವನ್ನು ಕಬಳಿಸುವ ಗುಟ್ಟಿನ ಯೋಜನೆ ಎಲ್ಲಿಯವರೆಗೆ ಬಂತು ಅಂತ ಗಂಭೀರವಾಗಿ ವಿಚಾರಣೆ ಮಾಡಿದ್ದರು. ಅಂಥ ಯೋಜನೆಯೇ ಇರಲಿಲ್ಲ. ಹಳೆಯ ದ್ವೇಷ ಹೊಸ ಶತ್ರುವಿನ ಪಟ್ಟಿಗೆ ತಾನಾಗಿ ಬಂದು ಸೇರಿಕೊಳ್ಳುತ್ತದೆ.

ಇದರಿಂದ ದೇಶ ಒಂದಾಯಿತಾ?

ಒಂದಾಗಲಿಲ್ಲ, ಸುಮ್ಮನಾಯಿತು. ಪಕ್ಕದ ಮನೆಯವನನ್ನು ಎಳೆದುಕೊಂಡು ಹೋದಾಗ ಜನ ಆಡುತ್ತಿದ್ದ ಮಾತು ‘ಪೊರ್ ಆಲ್ಗೊ ಸೆರಾ’. ನಮ್ಮಲ್ಲಾಗಿದ್ದರೆ ‘ಏನೋ ಮಾಡಿರ್ಬೇಕು ಬಿಡಿ’ ಅನ್ನುತ್ತಿದ್ದೆವು. ಇದು ದ್ವೇಷದ ಮಾತಲ್ಲ, ಹೆದರಿಕೆಯ ಮಾತು. ಅವನು ತಪ್ಪು ಮಾಡಿದ್ದರಿಂದಲೇ ಅವನಿಗೆ ಹೀಗಾಯಿತು, ನಾನು ಮಾಡಿಲ್ಲ, ಹಾಗಾಗಿ ನನಗಾಗುವುದಿಲ್ಲ ಎಂಬ ಲೆಕ್ಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವಾಗ ಕೊಟ್ಟಿಗೆಯ ಉಳಿದ ದನಗಳು ಮಿಸುಕಾಡದೆ ನಿಲ್ಲುತ್ತವಲ್ಲ, ಹಾಗೆ. ಸರ್ಕಾರಕ್ಕೆ ಅಷ್ಟೇ ಸಾಕಿತ್ತು, ಕೆಲವು ವರ್ಷ.

ಸುಮ್ಮನಿರದವರೂ ಇದ್ದರು. 1977ರ ಏಪ್ರಿಲ್ 30ರಂದು ಹದಿನಾಲ್ಕು ತಾಯಂದಿರು ಅಧ್ಯಕ್ಷರ ಭವನದ ಎದುರಿನ ಪ್ಲಾಜಾ ಡಿ ಮಾಯೊ ಚೌಕದಲ್ಲಿ ಬಂದು ನಿಂತರು. ನಮ್ಮ ಮಕ್ಕಳೆಲ್ಲಿ ಅಂತ ಕೇಳಿದರು. ನಿಲ್ಲಬಾರದು, ನಡೆಯಿರಿ ಎಂದರು ಪೊಲೀಸರು. ಸರಿ, ಜೋಡಿ ಜೋಡಿಯಾಗಿ ಚೌಕ ಸುತ್ತಲು ಶುರು ಮಾಡಿದರು. ಆಮೇಲೆ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡರು. ಅಲ್ಫ್ರೆಡೊ ಆಸ್ಟೀಸ್ ಎಂಬ ನೌಕಾಪಡೆಯ ಯುವ ಅಧಿಕಾರಿ, ಕಾಣೆಯಾದವನ ತಮ್ಮ ಎಂದು ನಾಟಕ ಆಡಿ ಇವರ ಗುಂಪಿನೊಳಗೆ ಸೇರಿಕೊಂಡ. 1977ರ ಡಿಸೆಂಬರ್‌ನಲ್ಲಿ ಮುಂಚೂಣಿಯ ಅಸುಸೆನಾ ವಿಲ್ಯಾಫ್ಲೋರ್ ಸೇರಿದಂತೆ ಮೂವರು ತಾಯಂದಿರು, ಇಬ್ಬರು ಫ್ರೆಂಚ್ ಸನ್ಯಾಸಿನಿಯರು ಮತ್ತು ಜೊತೆಗಿದ್ದ ಕೆಲವರು ಕಾಣೆಯಾದರು. ಆಸ್ಟೀಸ್ ಹೆಸರು ನೆನಪಿಡಿ, ಮುಂದೆ ಬರುತ್ತದೆ.

1978ರ ಫುಟ್‌ಬಾಲ್ ವಿಶ್ವಕಪ್ಪಿಗೂ ಇದಕ್ಕೂ ಏನು ಸಂಬಂಧ?

ಶತ್ರುವಿಲ್ಲದೆಯೂ ಜನ ಒಟ್ಟಿಗೆ ಕುಣಿಯಬಲ್ಲರು ಅಂತ ಸೇನೆಗೆ ಗೊತ್ತಾದದ್ದು ಆಗ. ಜೂನ್ 25ರಂದು ರಿವರ್ ಪ್ಲೇಟ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ನೆದರ್ಲೆಂಡ್ಸ್ ತಂಡವನ್ನು 3–1ರಿಂದ ಸೋಲಿಸಿತು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಇಎಸ್‌ಎಂಎ ಎಂಬ ನೌಕಾಪಡೆಯ ತರಬೇತಿ ಶಾಲೆ. ಅದು ಸೇನೆಯ ದೊಡ್ಡ ಚಿತ್ರಹಿಂಸೆ ಕೇಂದ್ರ. ಒಳಗಿದ್ದ ಕೈದಿಗಳಿಗೆ ಗೋಲಿನ ಕೂಗು ಕೇಳಿಸುತ್ತಿತ್ತು.

ಅಂದು ರಾತ್ರಿ ಕೆಲವು ಕೈದಿಗಳನ್ನು ಕಾರಿನಲ್ಲಿ ಕೂರಿಸಿ ಊರಿನ ಸಂಭ್ರಮ ತೋರಿಸಲು ಕರೆದೊಯ್ದರು. ಬದುಕುಳಿದ ಮಹಿಳೆಯೊಬ್ಬರು ಆಮೇಲೆ ಹೇಳಿದ್ದಾರೆ: ಕಾರಿನ ಮೇಲ್ಛಾವಣಿಯ ಕಿಂಡಿಯಿಂದ ತಲೆ ಹೊರಗೆ ಹಾಕಿ ನಿಂತಿದ್ದೆ, ಸುತ್ತ ಸಾವಿರಾರು ಜನ ಹಾಡುತ್ತಿದ್ದರು, ‘ನಾನು ಕಾಣೆಯಾದವಳು’ ಅಂತ ಕೂಗಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಅನ್ನಿಸಿತು.

ಮರುವರ್ಷ ಇನ್ನೂ ಕೆಟ್ಟದ್ದು ನಡೆಯಿತು. 1979ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಖಂಡದ ದೇಶಗಳ ಮಾನವ ಹಕ್ಕು ಆಯೋಗ ಬ್ಯೂನಸ್ ಐರಿಸ್‌ಗೆ ಬಂತು. ದೂರು ಕೊಡಲು ಕಾಣೆಯಾದವರ ಮನೆಯವರು ಅವೆನಿಡಾ ಡಿ ಮಾಯೊ ರಸ್ತೆಯಲ್ಲಿ ಉದ್ದಕ್ಕೆ ಸಾಲು ನಿಂತಿದ್ದರು. ಅದೇ ಹೊತ್ತಿಗೆ ಜಪಾನಿನಲ್ಲಿ ಮರಡೋನಾ ಇದ್ದ ಯುವ ತಂಡ ವಿಶ್ವಕಪ್ ಗೆದ್ದಿತು. ಎಲ್ಲರೂ ಆ ರಸ್ತೆಗೆ ಬನ್ನಿ, ಅರ್ಜೆಂಟೀನಾದ ನಿಜವಾದ ಮುಖ ತೋರಿಸೋಣ ಅಂತ ರೇಡಿಯೊದ ಹೆಸರಾಂತ ವೀಕ್ಷಕ ವಿವರಣೆಗಾರ ಜನರನ್ನು ಹುರಿದುಂಬಿಸಿದ. ಬಾವುಟ ಹಿಡಿದ ಹುಡುಗರು, ಮಕ್ಕಳ ಫೋಟೊ ಹಿಡಿದ ತಾಯಂದಿರು, ಒಂದೇ ರಸ್ತೆಯಲ್ಲಿ. ಒಂದು ದೇಶ ಹೇಗೆ ಒಡೆದಿರುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಚಿಲಿ ಜೊತೆಗೂ ಯುದ್ಧಕ್ಕೆ ಹೊರಟಿದ್ದರಂತೆ?

ಹೊರಟಿದ್ದರು. ಖಂಡದ ತುತ್ತತುದಿಯ ಬೀಗಲ್ ಕಾಲುವೆಯ ಮೂರು ಪುಟ್ಟ ದ್ವೀಪಗಳು ಚಿಲಿಗೆ ಸೇರಿದ್ದು ಅಂತ 1977ರಲ್ಲಿ ಪಂಚಾಯ್ತಿ ತೀರ್ಪು ಬಂತು. ಒಪ್ಪುವುದಿಲ್ಲ ಎಂದಿತು ಅರ್ಜೆಂಟೀನಾ. 1978ರ ಡಿಸೆಂಬರ್‌ನಲ್ಲಿ ಸೇನೆ ಗಡಿಗೆ ಹೋಯಿತು. ಕೊನೇ ಗಳಿಗೆಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮಧ್ಯೆ ಬಂದದ್ದರಿಂದ ನಿಂತಿತು. ಆಗ ಚಿಲಿಯನ್ನು ಆಳುತ್ತಿದ್ದವನು ಪಿನೊಚೆ. ಅವನೂ ಸೇನಾಧಿಕಾರಿ, ಅವನೂ ಕಮ್ಯುನಿಸ್ಟರ ಬೇಟೆಯಾಡುತ್ತಿದ್ದವನೇ. ಎಡಪಂಥೀಯರನ್ನು ಹಿಡಿಯಲು ಎರಡೂ ದೇಶ ಕೈಜೋಡಿಸಿದ್ದವು. ಸಿದ್ಧಾಂತ ಎಷ್ಟು ತೆಳ್ಳಗಿತ್ತು ನೋಡಿ.

1982ರಲ್ಲಿ ಬ್ರಿಟನ್ ಕೈಯಲ್ಲಿದ್ದ ಫಾಕ್ಲೆಂಡ್ ದ್ವೀಪಗಳ ಮೇಲೆ ಕಣ್ಣು ಬಿದ್ದದ್ದು ಯಾಕೆ?

ಅಷ್ಟು ಹೊತ್ತಿಗೆ ಸೇನೆಯ ಬಂಡವಾಳ ಮುಗಿದಿತ್ತು. 1980ರಲ್ಲಿ ದೊಡ್ಡ ಬ್ಯಾಂಕುಗಳು ಮುಳುಗಿದವು. 1981ರಲ್ಲಿ ಪೆಸೊ ಕುಸಿಯಿತು, ಬೆಲೆ ಏರಿಕೆ ವರ್ಷಕ್ಕೆ ಶೇ. 100 ದಾಟಿತು. ‘ಬುಡಮೇಲು ಮಾಡುವವರು’ ಅಂತ ತೋರಿಸಲು ಯಾರೂ ಉಳಿದಿರಲಿಲ್ಲ. 1981ರ ಡಿಸೆಂಬರ್‌ನಲ್ಲಿ ಜನರಲ್ ಲಿಯೊಪೋಲ್ಡೊ ಗಾಲ್ಟಿಯೇರಿ ಅಧ್ಯಕ್ಷನಾದ. ನೌಕಾಪಡೆಯ ಅಡ್ಮಿರಲ್ ಅನಾಯಾ ಬೆನ್ನಿಗಿದ್ದ. ಅನಾಯಾಗೆ ಬೇಕಾಗಿದ್ದದ್ದು ದ್ವೀಪಗಳು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಈ ಶತ್ರು ಸುಳ್ಳು ಶತ್ರುವಲ್ಲ. 1833ರಲ್ಲಿ ಬ್ರಿಟನ್ ಆ ದ್ವೀಪಗಳನ್ನು ವಶಪಡಿಸಿಕೊಂಡಿತು. ಅವುಗಳನ್ನು ಮಾಲ್ವಿನಾಸ್ ಎಂದು ಕರೆಯುವ ಅರ್ಜೆಂಟೀನಾ ಅವತ್ತಿನಿಂದ ‘ನಮ್ಮದು’ ಅನ್ನುತ್ತಲೇ ಇದೆ. ಶಾಲೆಯಲ್ಲಿ ಮಕ್ಕಳು ನಕಾಶೆಯಲ್ಲಿ ಅದಕ್ಕೆ ತಮ್ಮ ದೇಶದ ಬಣ್ಣವನ್ನೇ ಹಚ್ಚುತ್ತಾರೆ. ಎಡ, ಬಲ, ಪೆರೋನ್ ಪರ, ಪೆರೋನ್ ವಿರೋಧಿ, ಎಲ್ಲರೂ ಒಪ್ಪುವ ವಿಷಯ ಆ ದೇಶದಲ್ಲಿ ಇದ್ದದ್ದು ಬಹುಶಃ ಇದೊಂದೇ. ಅದಕ್ಕೇ ಇದು ಕೆಲಸ ಮಾಡಿತು. ಪೂರ್ತಿ ಸುಳ್ಳಿಗಿಂತ, ನಿಜವಾದ ಹಳೆಯ ನೋವನ್ನು ಎತ್ತಿ ತೋರಿಸುವುದು ಆಳುವವರಿಗೆ ಹೆಚ್ಚು ಅನುಕೂಲ. ಪ್ರಶ್ನೆ ಕೇಳಿದವನು ಆ ನೋವನ್ನೇ ಅವಮಾನ ಮಾಡಿದ ಹಾಗೆ ಕಾಣುತ್ತಾನೆ.

ಕಾರ್ಮಿಕರ ಪ್ರತಿಭಟನೆ ಮರೆಸಲು ಮೂರೇ ದಿನದಲ್ಲಿ ದಾಳಿ ಮಾಡಿದರು ಅನ್ನುತ್ತಾರೆ. ನಿಜವೇ?

ಪೂರ್ತಿ ನಿಜ ಅಲ್ಲ. 1982ರ ಮಾರ್ಚ್ 30ರಂದು ‘ಶಾಂತಿ, ರೊಟ್ಟಿ, ಕೆಲಸ’ ಎಂಬ ಘೋಷಣೆಯೊಂದಿಗೆ ಕಾರ್ಮಿಕ ಒಕ್ಕೂಟ ಪ್ಲಾಜಾ ಡಿ ಮಾಯೊ ಕಡೆಗೆ ಮೆರವಣಿಗೆ ಹೊರಟಿತು. ಪೊಲೀಸರು ಚಚ್ಚಿದರು, ಸಾವಿರಾರು ಜನರನ್ನು ಒಳಗೆ ಹಾಕಿದರು. ಮೆಂಡೋಸಾದಲ್ಲಿ ಗುಂಡೇಟು ತಿಂದ ಒಬ್ಬ ಕಾರ್ಮಿಕ ಕೆಲವು ದಿನಗಳಲ್ಲಿ ತೀರಿಕೊಂಡ. ಏಪ್ರಿಲ್ 2ರಂದು ಸೇನೆ ದ್ವೀಪಗಳಲ್ಲಿ ಇಳಿಯಿತು. ಅದೇ ಚೌಕ ಅವತ್ತು ಜೈಕಾರದಿಂದ ತುಂಬಿಹೋಯಿತು.

ಆದರೆ ಹಡಗುಗಳು ಬಂದರು ಬಿಟ್ಟದ್ದು ಮಾರ್ಚ್ 28ಕ್ಕೆ, ಅಂದರೆ ಪ್ರತಿಭಟನೆಗೆ ಮುಂಚೆಯೇ. ಯೋಜನೆ ಇದ್ದದ್ದು ವರ್ಷದ ಕೊನೆಯ ತಿಂಗಳುಗಳಿಗೆ. ಬ್ರಿಟನ್ ಹಿಡಿತದಲ್ಲಿದ್ದ ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ಗುಜರಿ ಕಬ್ಬಿಣ ಬಿಚ್ಚಲು ಹೋದ ಅರ್ಜೆಂಟೀನಾದ ಕೆಲಸಗಾರರ ವಿಷಯದಲ್ಲಿ ಮಾರ್ಚ್ ನಡುವೆ ಜಗಳ ಎದ್ದದ್ದರಿಂದ ಅಂದುಕೊಂಡದ್ದಕ್ಕಿಂತ ಬೇಗ ಹೊರಟರು. ಹಾಗಾಗಿ ಮಾರ್ಚ್ 30ಕ್ಕೆ ಉತ್ತರವಾಗಿ ಏಪ್ರಿಲ್ 2 ಬಂತು ಅನ್ನುವುದು ಕೇಳಲು ಚೆನ್ನಾಗಿದೆ, ದಿನಾಂಕ ಕೂಡುವುದಿಲ್ಲ. ವರ್ಷಗಟ್ಟಲೆ ಬೇಯುತ್ತಿದ್ದ ಅಸಮಾಧಾನಕ್ಕೆ ಹುಡುಕಿದ ಉತ್ತರ ಅನ್ನಬಹುದು.

ಮೂರು ದಿನದ ಹಿಂದೆ ಪೆಟ್ಟು ತಿಂದವರೂ ಜೈ ಅಂದರಾ?

ಬಹಳಷ್ಟು ಜನ ಅಂದರು. ಮಾರ್ಚ್ 30ರಂದು ಬಂಧನಕ್ಕೊಳಗಾದ ಕಾರ್ಮಿಕ ನಾಯಕ ಸಾವುಲ್ ಉಬಾಲ್ಡೀನಿ, ಏಪ್ರಿಲ್ 7ರಂದು ದ್ವೀಪದ ಹೊಸ ಗವರ್ನರ್‌ನ ಪ್ರಮಾಣವಚನ ನೋಡಲು ಸರ್ಕಾರಿ ವಿಮಾನದಲ್ಲಿ ಹೋದ. ಸಮಾರಂಭದಲ್ಲಿ ವಿಡೇಲಾ ಕೂಡ ಇದ್ದ. ದೇಶ ಬಿಟ್ಟು ಓಡಿಹೋಗಿದ್ದ ಮೊಂಟೊನೆರೊ ನಾಯಕರು ಸಹ ದ್ವೀಪಗಳ ವಿಷಯದಲ್ಲಿ ಬೆಂಬಲ ಘೋಷಿಸಿದರು.

ಹಾಗಂತ ಎಲ್ಲರೂ ಗಾಲ್ಟಿಯೇರಿಯ ಕಡೆ ಬಂದರು ಅಂತ ಅಲ್ಲ. ಏಪ್ರಿಲ್ 10ರಂದು ಮಾಳಿಗೆಯಿಂದ ‘ಬರುವುದಾದರೆ ಬರಲಿ, ಎದುರಿಸುತ್ತೇವೆ’ ಅಂತ ಅವನು ಗುಡುಗಿದಾಗ ಚೌಕ ಗುಡುಗಿತು. ನಿಮ್ಮೆಲ್ಲರ ಪ್ರತಿನಿಧಿಯಾಗಿ ಅಂದಾಗ ಮಾತ್ರ ಸಿಳ್ಳೆ, ಕೂಗಾಟ. ದ್ವೀಪ ಬೇಕು, ನೀನು ಬೇಡ. ತಾಯಂದಿರ ಫಲಕ ಇನ್ನೂ ನೇರ: ‘ಮಾಲ್ವಿನಾಸ್ ಅರ್ಜೆಂಟೀನಾದ್ದು, ಕಾಣೆಯಾದವರೂ ಅರ್ಜೆಂಟೀನಾದವರೇ’. ಅವರಿಗೆ ದೇಶದ್ರೋಹಿಗಳು ಎಂಬ ಬೈಗುಳ ಸಿಕ್ಕಿತು.

ಊರೊಳಗಿದ್ದ ಬ್ರಿಟಿಷ್ ಮೂಲದವರ ಗತಿ?

ದೊಡ್ಡ ಗಲಭೆ ಆಗಲಿಲ್ಲ. ದೊಂಬಿಗಿಂತ ಹೆಸರು ಬದಲಾವಣೆಯೇ ಜಾಸ್ತಿ. ರೆತಿರೋ ರೈಲು ನಿಲ್ದಾಣದ ಎದುರಿನ ‘ಇಂಗ್ಲಿಷರ ಗೋಪುರ’ ಬೇರೆ ಹೆಸರು ಪಡೆಯಿತು. ಅದರ ಸುತ್ತಲಿನ ಬ್ರಿಟಿಷ್ ಚೌಕ ವಾಯುಪಡೆ ಚೌಕವಾಯಿತು. ಸಾನ್ ತೆಲ್ಮೊದಲ್ಲಿನ ‘ಬಾರ್ ಬ್ರಿಟಾನಿಕೊ’ ತನ್ನ ಹೆಸರಿನಿಂದ ‘ಬ್ರಿ’ ಅಳಿಸಿ ‘ಬಾರ್ ಟಾನಿಕೊ’ ಅಂತ ವ್ಯಾಪಾರ ಮುಂದುವರಿಸಿತು. ರೇಡಿಯೊದಲ್ಲಿ ಇಂಗ್ಲಿಷ್ ಹಾಡು ಬಂದ್. ಅದರಿಂದ ಲಾಭ ಆದದ್ದು ಸ್ಪ್ಯಾನಿಷ್‌ನಲ್ಲಿ ರಾಕ್ ಹಾಡುತ್ತಿದ್ದ ಅಲ್ಲಿನ ಹುಡುಗರಿಗೆ. ಸೇನೆ ಅಲ್ಲಿಯವರೆಗೆ ಅನುಮಾನದಿಂದ ನೋಡುತ್ತಿದ್ದ ಉದ್ದ ಕೂದಲಿನವರ ಹಾಡು ಏಕಾಏಕಿ ದಿನವಿಡೀ ಬರಲು ಶುರುವಾಯಿತು. ಲಂಡನ್ನಿನ ಟೊಟೆನ್‌ಹ್ಯಾಮ್ ತಂಡದ ಪರ ಆಡುತ್ತಿದ್ದ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಆರ್ಡಿಲೆಸ್‌ಗೆ ಮಾತ್ರ ಎರಡೂ ಕಡೆ ಕಷ್ಟ. ಅವನ ಸೋದರ ಸಂಬಂಧಿ ಪೈಲಟ್ ಮೇ 1ರಂದು ಯುದ್ಧದಲ್ಲಿ ಸತ್ತ.

ಜನ ಚಿನ್ನ ಕೊಟ್ಟರು ಅನ್ನುವುದು?

ಕೊಟ್ಟರು. ಮೇ 8, 9ರಂದು ಸರ್ಕಾರಿ ಟಿವಿಯಲ್ಲಿ ಇಪ್ಪತ್ನಾಲ್ಕು ಗಂಟೆ ಕಾರ್ಯಕ್ರಮ ನಡೆಯಿತು. ಸಿನಿಮಾದವರು, ಆಟಗಾರರು ಬಂದರು. ಸಾಮಾನ್ಯ ಹೆಂಗಸರು ಕೈಯಿಂದ ಮದುವೆಯ ಉಂಗುರ ಕಳಚಿ ಕೊಟ್ಟರು. ಮನೆಮನೆಯಲ್ಲಿ ಉಣ್ಣೆಯ ಸ್ಕಾರ್ಫ್ ಹೆಣೆದರು, ಮಕ್ಕಳು ಚಾಕೊಲೇಟ್ ಜೊತೆ ಯೋಧರಿಗೆ ಪತ್ರ ಇಟ್ಟು ಕಳಿಸಿದರು. ಅದರಲ್ಲಿ ಹೆಚ್ಚಿನದು ದ್ವೀಪ ತಲುಪಲೇ ಇಲ್ಲ. ಅಂಗಡಿಯಲ್ಲಿ ಕೊಂಡ ಚಾಕೊಲೇಟಿನೊಳಗೆ ಯೋಧನಿಗೆ ಬರೆದ ಮಗುವಿನ ಪತ್ರ ಸಿಕ್ಕಿತು ಎಂಬ ಕಥೆ ಅಲ್ಲಿ ಇವತ್ತಿಗೂ ಓಡಾಡುತ್ತದೆ.

ಪತ್ರಿಕೆಗಳದ್ದು ಇನ್ನೊಂದು ಕಥೆ. ಮೇ 2ರಂದು ಬೆಲ್ಗ್ರಾನೊ ಎಂಬ ಯುದ್ಧನೌಕೆ ಮುಳುಗಿ 323 ಜನ ಸತ್ತರು. ಅದಾದ ಮೇಲೂ ಒಂದು ಜನಪ್ರಿಯ ವಾರಪತ್ರಿಕೆಯ ಮುಖಪುಟದಲ್ಲಿ ‘ಗೆಲ್ಲುತ್ತಲೇ ಇದ್ದೇವೆ’ ಅಂತ ದೊಡ್ಡಕ್ಷರ.

ಹೋರಾಡಿದವರು ಯಾರು?

ಹೆಚ್ಚಿನವರು 1962ರಲ್ಲಿ ಹುಟ್ಟಿದ, ಕಡ್ಡಾಯ ಸೇನಾ ಸೇವೆಗೆ ಬಂದ ಹುಡುಗರು. ಕೊರಿಯೆಂಟೆಸ್, ಚಾಕೊದಂಥ ಬಿಸಿಲಿನ ಪ್ರಾಂತ್ಯದವರೂ ಅದರಲ್ಲಿದ್ದರು. ಚಳಿ, ಒದ್ದೆ ಗುಂಡಿ, ಹಸಿವು. ಹಸಿವು ತಾಳದೆ ಕುರಿ ಕದ್ದ ಕೆಲವರನ್ನು ಅವರದೇ ಅಧಿಕಾರಿಗಳು ಕೈಕಾಲು ಗೂಟಕ್ಕೆ ಕಟ್ಟಿ ಹೆಪ್ಪುಗಟ್ಟುವ ನೆಲದ ಮೇಲೆ ಮಲಗಿಸಿದರು. ಒಳಗಿನ ಶತ್ರುವಿನ ಮೇಲೆ ಪಳಗಿದ ಕೈ ತಮ್ಮ ಹುಡುಗರ ಮೇಲೂ ಹಾಗೆಯೇ ನಡೆಯಿತು.

ಆಸ್ಟೀಸ್? ಅವನಿಗೆ ದಕ್ಷಿಣ ಜಾರ್ಜಿಯಾದ ಒಂದು ಸಣ್ಣ ತುಕಡಿಯ ಉಸ್ತುವಾರಿ ಕೊಟ್ಟಿದ್ದರು. ಬರಿಗೈಯ ತಾಯಂದಿರ ಎದುರು ಶೂರನಾಗಿದ್ದವನು, ಬ್ರಿಟಿಷ್ ಹಡಗು ಬಂದಾಗ ಕಾದಾಡದೆ ಶರಣಾಗತಿಗೆ ಸಹಿ ಹಾಕಿದ. ಆ ಫೋಟೊ ಇದೆ.

ಬ್ರಿಟನ್ನಿನಲ್ಲೂ ಇದೇ ಆಗಲಿಲ್ವಾ?

ಆಯಿತು. ನಿರುದ್ಯೋಗಿಗಳು 30 ಲಕ್ಷದ ಹತ್ತಿರ, 1981ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಗಲಭೆ, ಪ್ರಧಾನಿ ಥ್ಯಾಚರ್ ಜನಪ್ರಿಯತೆ ಪಾತಾಳದಲ್ಲಿ. ಯುದ್ಧ ಗೆದ್ದರು, 1983ರ ಚುನಾವಣೆಯಲ್ಲಿ 397 ಸ್ಥಾನ ಸಿಕ್ಕಿತು. ವಿರೋಧ ಪಕ್ಷ ಒಡೆದದ್ದೂ ಇದಕ್ಕೆ ಕಾರಣ, ಯುದ್ಧ ಒಂದೇ ಅಲ್ಲ. ಒಂದು ವ್ಯತ್ಯಾಸ ಮುಖ್ಯ. ಬೆಲ್ಗ್ರಾನೊ ಮುಳುಗಿಸಿದ್ದು ಸರಿಯೇ ಅಂತ ಥ್ಯಾಚರ್ ಅವರನ್ನು ಟಿವಿಯಲ್ಲಿ ಒಬ್ಬ ಶಿಕ್ಷಕಿ ನೇರವಾಗಿ ತರಾಟೆಗೆ ತೆಗೆದುಕೊಂಡರು, ಆಮೇಲೆ ನೆಮ್ಮದಿಯಾಗಿ ತಮ್ಮ ಮನೆಗೂ ಹೋದರು. ಬ್ಯೂನಸ್ ಐರಿಸ್‌ನಲ್ಲಿ ಅದು ಆಗುವ ಮಾತಾಗಿರಲಿಲ್ಲ.

ಸೋತ ಮೇಲೆ ಆ ಒಗ್ಗಟ್ಟು ಎಲ್ಲಿ ಹೋಯಿತು?

ಜೂನ್ 13ರಂದು ಸ್ಪೇನ್ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ ಅರ್ಜೆಂಟೀನಾ ಬೆಲ್ಜಿಯಂಗೆ 0–1ರಿಂದ ಸೋತಿತು. ಮರುದಿನ ದ್ವೀಪದಲ್ಲಿ ಶರಣಾಗತಿ. ಅರ್ಜೆಂಟೀನಾದ 649 ಜನ, ಬ್ರಿಟನ್ನಿನ 255 ಜನ, ಮೂವರು ದ್ವೀಪವಾಸಿಗಳು ಸತ್ತಿದ್ದರು. ಜೂನ್ 15ರಂದು ಅದೇ ಚೌಕದಲ್ಲಿ ಜನ ಗಾಲ್ಟಿಯೇರಿಗೆ ಶಾಪ ಹಾಕಿದರು. ಪೊಲೀಸರು ಅಶ್ರುವಾಯು ಸಿಡಿಸಿದರು. ಎರಡು ದಿನದಲ್ಲಿ ಅವನು ಹೋದ. 1983ರ ಅಕ್ಟೋಬರ್ 30ರಂದು ಚುನಾವಣೆ ನಡೆದು ಸೇನೆಯವನಲ್ಲದ ಆಲ್ಫೊನ್ಸಿನ್ ಗೆದ್ದ. 1985ರಲ್ಲಿ ವಿಡೇಲಾ, ಮಸ್ಸೇರಾಗೆ ಜೀವಾವಧಿ ಶಿಕ್ಷೆಯಾಯಿತು.

ವಾಪಸ್ ಬಂದ ಹುಡುಗರನ್ನು ಸದ್ದಿಲ್ಲದೆ ಒಳಗೆ ತಂದರು. ಅಲ್ಲಿ ನಡೆದದ್ದನ್ನು ಹೇಳುವುದಿಲ್ಲ ಅಂತ ಬರೆಸಿಕೊಂಡು ಮನೆಗೆ ಕಳಿಸಿದರು. ಏಪ್ರಿಲ್‌ನಲ್ಲಿ ಬಾವುಟ ಬೀಸಿದವರಿಗೆ ಜೂನ್‌ನಲ್ಲಿ ಅವರ ಮುಖ ನೋಡಲು ಇಷ್ಟ ಇರಲಿಲ್ಲ.

ಹಾಗಾದರೆ ಕೊನೆಗೆ ಬಲಿಪಶು ಯಾರು?

ಕೇಳಬೇಕಾದ ಪ್ರಶ್ನೆ ಇದು. ನನ್ನ ಉತ್ತರ ಕೆಲವರಿಗೆ ಇಷ್ಟವಾಗದು: ಕೊನೆಯ ಬಲಿಪಶು ಗಾಲ್ಟಿಯೇರಿ. ಅವನು ನಿರಪರಾಧಿ ಅಂತ ಅಲ್ಲ. ಯುದ್ಧವನ್ನು ಕೆಟ್ಟದಾಗಿ ನಡೆಸಿದ್ದಕ್ಕೆ ಸೇನಾ ನ್ಯಾಯಾಲಯ 1986ರಲ್ಲಿ ಅವನಿಗೆ ಶಿಕ್ಷೆ ಕೊಟ್ಟಿತು, 1989ರಲ್ಲಿ ಕ್ಷಮಾದಾನವೂ ಸಿಕ್ಕಿತು. ಕಾಣೆಯಾದವರ ವಿಷಯದಲ್ಲಿ ಮಾತ್ರ 1985ರ ತೀರ್ಪಿನಲ್ಲಿ ಅವನು ಖುಲಾಸೆಯಾಗಿದ್ದ. ಆದರೆ ‘ಒಬ್ಬ ಕುಡುಕ ಜನರಲ್ ದೇಶವನ್ನು ಯುದ್ಧಕ್ಕೆ ತಳ್ಳಿದ’ ಎಂಬ ಕಥೆ ಎಲ್ಲರಿಗೂ ಹಿತವಾಗಿತ್ತು. ‘ಗೆಲ್ಲುತ್ತಲೇ ಇದ್ದೇವೆ’ ಎಂದ ಪತ್ರಿಕೆ, ದ್ವೀಪಕ್ಕೆ ವಿಮಾನ ಹತ್ತಿದ ನಾಯಕರು, ಚೌಕದಲ್ಲಿ ಕೂಗಿದ ಜನ, ಎಲ್ಲರೂ ಅವನ ತಲೆಯ ಮೇಲೆ ಹೊರಿಸಿ ಕೈತೊಳೆದುಕೊಂಡರು. ‘ಏನೋ ಮಾಡಿರ್ಬೇಕು’ ಎಂದವರೇ ಈಗ ‘ನಮಗೇನೂ ಗೊತ್ತಿರಲಿಲ್ಲ’ ಎಂದರು.

ಗೆದ್ದಿದ್ದರೆ?

ಇನ್ನಷ್ಟು ವರ್ಷ ಆಳುತ್ತಿದ್ದರು. ಬೆಲೆ ಏರಿಕೆ ನಿಲ್ಲುತ್ತಿರಲಿಲ್ಲ, ತಾಯಂದಿರೂ ಚೌಕ ಸುತ್ತುವುದನ್ನು ನಿಲ್ಲಿಸುತ್ತಿರಲಿಲ್ಲ. ಬಹುಶಃ ಮತ್ತೆ ಚಿಲಿ ಕಡೆ ತಿರುಗುತ್ತಿದ್ದರು.

ಈಗ ದ್ವೀಪಗಳ ವಿಷಯ ಏನಾಗಿದೆ?

ಬ್ರಿಟನ್ ಕೈಯಲ್ಲೇ ಇವೆ. 2013ರ ಜನಮತ ಸಂಗ್ರಹದಲ್ಲಿ ಬ್ರಿಟನ್ ಬೇಡ ಎಂದ ದ್ವೀಪವಾಸಿಗಳು ಮೂವರು ಮಾತ್ರ. ಅರ್ಜೆಂಟೀನಾ 1994ರಲ್ಲಿ ತಿದ್ದಿದ ಸಂವಿಧಾನದಲ್ಲೇ ತನ್ನ ಹಕ್ಕನ್ನು ಬರೆದುಕೊಂಡಿದೆ. ಏಪ್ರಿಲ್ 2 ರಜಾದಿನ. ಒಂದು ಒಳ್ಳೆಯ ಕೆಲಸವೂ ಆಗಿದೆ. ಡಾರ್ವಿನ್ ಸ್ಮಶಾನದಲ್ಲಿ ಹೆಸರಿಲ್ಲದೆ ಹೂತಿದ್ದ ಅರ್ಜೆಂಟೀನಾದ ಯೋಧರನ್ನು ಗುರುತಿಸಲು ಎರಡೂ ದೇಶ ಒಪ್ಪಿದವು. 2017ರಿಂದ ರೆಡ್ ಕ್ರಾಸ್ ಡಿಎನ್‌ಎ ಪರೀಕ್ಷೆ ಮಾಡಿ ನೂರಕ್ಕೂ ಹೆಚ್ಚು ಜನರ ಹೆಸರು ಪತ್ತೆ ಹಚ್ಚಿದೆ.

ಈ ಯುದ್ಧಕ್ಕೂ ಭಾರತಕ್ಕೂ ಏನಾದರೂ ನಂಟಿದೆಯಾ?

ಒಂದು ಹಡಗು. ಬ್ರಿಟಿಷ್ ಪಡೆಯ ಮುಂದಾಳು ಹಡಗಾಗಿದ್ದ ಎಚ್‌ಎಂಎಸ್ ಹರ್ಮಿಸ್ ಅನ್ನು ಆಮೇಲೆ ಭಾರತ ಕೊಂಡುಕೊಂಡಿತು. 1987ರಲ್ಲಿ ಅದು ಐಎನ್‌ಎಸ್ ವಿರಾಟ್ ಆಯಿತು. 2017ರವರೆಗೆ ನೌಕಾಪಡೆಯಲ್ಲಿ ದುಡಿದು, 2020ರಲ್ಲಿ ಗುಜರಾತಿನ ಆಲಂಗ್‌ಗೆ ಗುಜರಿಗೆ ಹೋಯಿತು.